ತೊಟ್ಟಿಲಲ್ಲಿ ಪೆಟ್ರೋಲ್ ಟ್ಯಾಂಕು

ನಾನು ಚಿಕ್ಕವಳಿದ್ದಾಗ ಚಾಮರಾಜಪೇಟೆಯ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಒಂದು ಕಾರು ಇತ್ತು. ಇತ್ತು ಅಂದೆ, ಓಡುತ್ತಿತ್ತು ಅನ್ನಲಿಲ್ಲ, ಗಮನವಿಟ್ಟು ಕೇಳಿ ಮಕ್ಕಳೇ. ತಾತ ಕೊಂಡಿದ್ದ ಕಪ್ಪು ಬಣ್ಣದ, ದುಂಡು ಮೂತಿಯ ವಿಲಾಯಿತಿ ಕಾರು ಅದು. ತಾತ ತೀರಿಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಕಣ್ಣಾಮುಚ್ಚಾಲೆ ಆಡುವಾಗ ನಾನೂ ಅಕ್ಕನೂ ಅದರೊಳಗೆ ಅಡಗಿಕೊಂಡು, ಫ್ರಾಕಿಗೆಲ್ಲ ಕೆಂಪು ತುಕ್ಕು ಮೆತ್ತಿಕೊಂಡು ಬಂದು ಅಮ್ಮನ ಕೈಯಲ್ಲಿ ಚೆನ್ನಾಗಿ ಬೈಸಿಕೊಳ್ಳುತ್ತಿದ್ದೆವು.

ಆ ಕಾರನ್ನು ಮತ್ತೆ ಓಡಿಸಿಯೇ ತೀರಬೇಕೆಂದು ಅಪ್ಪ ಹಟ ಹಿಡಿದಿದ್ದರು. ಅಪ್ಪ ಸ್ಕೂಲು ಮೇಷ್ಟರು, ಮೆಕ್ಯಾನಿಕ್ ಅಲ್ಲ. ಭಾನುವಾರ ಬಂತೆಂದರೆ ಸಾಕು, ಹಳೆಯ ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು ಶೆಡ್ಡಿಗೆ ಹೋಗಿಬಿಡುವರು. ಒಂದೊಂದೇ ಭಾಗ ಬಿಚ್ಚಿ ತಂದು ಅಂಗಳದಲ್ಲಿ ಗೋಣಿಚೀಲದ ಮೇಲೆ ಹರಡುವರು. ತುಕ್ಕು ಹಿಡಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡುವುದು ನನ್ನ ಮತ್ತು ಅಕ್ಕನ ಕೆಲಸ. ಸೋಮವಾರ ಕ್ಲಾಸಿನಲ್ಲಿ ಕೈಯೆತ್ತಿದರೆ ಪಕ್ಕದವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿಕೊಳ್ಳಲಿ, ನನಗೇನು? ನಮ್ಮನೆಯಲ್ಲಿ ಕಾರು ತಯಾರಾಗುತ್ತಿದೆ ಎಂಬ ಜಂಬ ನನಗೆ.

ಅಂತೂ ಒಂದು ದಿನ ಎಂಜಿನ್ನಿಗೆ ಜೀವ ಬಂತು. ಆದರೆ ಬುಡುಬುಡು ಎಂದು ಶುರುವಾದ ಕಾರು ಗೇಟು ದಾಟುವಷ್ಟರಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಹಾಗೇ. ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು ಹಿಡಿದಿದೆ, ಅದು ಚೂರುಚೂರಾಗಿ ಪೆಟ್ರೋಲಿನ ಜೊತೆ ಹರಿದು ಬಂದು ಪೈಪು ಕಟ್ಟಿಕೊಳ್ಳುತ್ತಿದೆ ಎಂದು ಅಪ್ಪ ಪತ್ತೆ ಹಚ್ಚಿದರು. ಪತ್ತೆಯೇನೋ ಆಯಿತು, ಕ್ಲೀನ್ ಮಾಡುವುದು ಹೇಗೆ? ಟ್ಯಾಂಕಿನ ಬಾಯಿ ಎಷ್ಟು ಚಿಕ್ಕದೆಂದರೆ ಅದರೊಳಗೆ ನನ್ನ ಕೈ ಕೂಡ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಶನಿವಾರ ಮಲ್ಲೇಶ್ವರದಿಂದ ದೊಡ್ಡಪ್ಪ ಬಂದರು. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಶೆಡ್ಡು ಕೆಡವಿ ಅಲ್ಲೊಂದು ರೂಮು ಕಟ್ಟಿಸಬೇಕು ಎಂಬುದು ಅವರ ಆಲೋಚನೆ.

"ಸೋಮವಾರ ಬೆಳಗ್ಗೆ ಬಾ ಅಂತ ಗುಜರಿಯವನಿಗೆ ಹೇಳಿದೀನಿ ಕಣೋ. ಸಾಕು ಬಿಡು ಈ ಹುಚ್ಚು. ಹೆಣ್ಮಕ್ಕಳ ಕೈ ನೋಡು, ಗ್ಯಾರೇಜಿನವರ ಥರ ಆಗಿವೆ" ಎಂದರು.

"ಅಣ್ಣ, ಅದು ಓಡುತ್ತೆ."

"ಓಡಿದ್ರೆ ನಾಳೆ ಮಲ್ಲೇಶ್ವರಕ್ಕೆ ನಮ್ಮನೆ ಬಾಗಿಲಿಗೆ ತಗೊಂಡ್ ಬಾ, ನಾನು ತುಟಿಪಿಟಕ್ ಅನ್ನಲ್ಲ. ಇಲ್ದಿದ್ರೆ ಸೋಮವಾರ ಗುಜರಿಗೆ."

ಆ ರಾತ್ರಿ ಊಟಕ್ಕೆ ಕುಳಿತ ಅಪ್ಪ ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಅಪ್ಪನಿಗೆ ಡ್ರೈವಿಂಗ್ ಕಲಿಸುವಾಗ ತಾತ ಆ ಕಾರಿನ ಸ್ಟಿಯರಿಂಗ್ ಮೇಲೆ ಅಪ್ಪನ ಕೈಗಳನ್ನಿಟ್ಟು, ಅದರ ಮೇಲೆ ತಮ್ಮ ಕೈ ಇಟ್ಟುಕೊಂಡಿರುತ್ತಿದ್ದರಂತೆ. ಅದನ್ನು ಗುಜರಿಯವನು ಸುತ್ತಿಗೆಯಲ್ಲಿ ಒಡೆದು ಚೂರು ಮಾಡುವುದನ್ನು ನೆನೆಸಿಕೊಂಡು ನನಗೆ ಅಳುವೇ ಬಂದುಬಿಟ್ಟಿತು.

ಭಾನುವಾರ ಬೆಳಕು ಹರಿಯುವ ಮೊದಲೇ ಅಪ್ಪ ಟ್ಯಾಂಕನ್ನು ಬಿಚ್ಚಿ ಅಂಗಳಕ್ಕೆ ತಂದಿದ್ದರು. ಪೆಟ್ರೋಲಿನ ವಾಸನೆ ಹೋಗುವವರೆಗೂ ನೀರು ತುಂಬಿಸಿ ಚೆಲ್ಲಿ, ತುಂಬಿಸಿ ಚೆಲ್ಲಿ ತೊಳೆದರು. ಅಮ್ಮ ಅಡುಗೆಮನೆಯಿಂದ ಹುಣಿಸೆಹಣ್ಣಿನ ಭರಣಿಯನ್ನೇ ಎತ್ತಿಕೊಂಡು ಬಂದರು.

"ಕಿಲುಬು ಹಿಡಿದ ದೀಪ ಇದರಲ್ಲಿ ಫಳಫಳ ಅನ್ನುತ್ತೆ. ತುಕ್ಕು ಯಾವ ಲೆಕ್ಕ? ಹಾಕಿ, ನೋಡೇಬಿಡೋಣ" ಎಂದರು.

ಬಚ್ಚಲ ಒಲೆಯ ಮೇಲೆ ಹುಣಿಸೆಹಣ್ಣು ಕುದಿಯಿತು. ಮನೆಯೆಲ್ಲ ಹುಳಿ ವಾಸನೆ. ಆ ನೀರನ್ನು ಸೋಸಿ, ಆರಿಸಿ ಟ್ಯಾಂಕಿಗೆ ಸುರಿದೆವು. ಒಳಗಿನ ತುಕ್ಕು ಕೆರೆಯಲೆಂದು ರಿಪೇರಿ ನಡೆಯುತ್ತಿದ್ದ ಮೂಲೆಮನೆಯ ಮುಂದಿದ್ದ ರಾಶಿಯಿಂದ ಸಣ್ಣ ಜಲ್ಲಿಕಲ್ಲುಗಳನ್ನು ಕೇಳಿ ತಂದು ಅದರೊಳಗೆ ಹಾಕಿದೆವು. ಇನ್ನು ಟ್ಯಾಂಕನ್ನು ಜೋರಾಗಿ ಅಲ್ಲಾಡಿಸಬೇಕು. ಅಪ್ಪ ಎತ್ತಿ ಅಲ್ಲಾಡಿಸಿದರು. ಅಬ್ಬಾ, ಆ ಭಾರ! ಸ್ವಲ್ಪ ಹೊತ್ತಿಗೇ ಅಪ್ಪ ಏದುಸಿರು ಬಿಡುತ್ತ ಜಗಲಿಯ ಮೇಲೆ ಕುಳಿತರು. ನೀರು ಚೆಲ್ಲಿ ನೋಡಿದರೆ ಇಟ್ಟಿಗೆಪುಡಿ ಕಲಸಿದಂತಿತ್ತು. ಇದು ದಿನವಿಡೀ ಮಾಡಬೇಕಾದ ಕೆಲಸ ಎಂದು ಎಲ್ಲರಿಗೂ ಗೊತ್ತಾಯಿತು.

ಆಗ ಅಕ್ಕ ಹೇಳಿದಳು, "ತೊಟ್ಟಿಲಲ್ಲಿ ಹಾಕಿ ತೂಗಿದ್ರೆ?"

ನಮ್ಮ ಅಟ್ಟದ ಮೇಲೆ ಒಂದು ಮರದ ತೊಟ್ಟಿಲಿತ್ತು. ದೊಡ್ಡಪ್ಪ, ಅಪ್ಪ, ಅಕ್ಕ, ನಾನು, ಎಲ್ಲರೂ ಮಲಗಿದ್ದ ತೊಟ್ಟಿಲು. ಅಜ್ಜಿಗೆ ಅದೆಂದರೆ ಪ್ರಾಣ.

"ಥೂ, ಬಿಡ್ತು ಅನ್ನು! ಮಗು ಮಲಗೋ ಜಾಗದಲ್ಲಿ ತುಕ್ಕು ಹಿಡಿದ ಡಬ್ಬನಾ?" ಎಂದು ಅಜ್ಜಿ ಕೂಗಾಡಿದರು. ನಾವೆಲ್ಲ ಪೆಚ್ಚು ಮೋರೆ ಹಾಕಿಕೊಂಡು ನಿಂತೆವು. ಅಪ್ಪ ಮತ್ತೆ ಟ್ಯಾಂಕನ್ನು ಎತ್ತಲು ಹೋದರು. ಅರ್ಧಕ್ಕೆ ಎತ್ತಿ ಮತ್ತೆ ಕೆಳಗಿಟ್ಟರು. ಅಜ್ಜಿ ಅದನ್ನು ನೋಡಿದರು. ಶೆಡ್ಡಿನ ಕಡೆಯೂ ಒಮ್ಮೆ ನೋಡಿದರು.

"ಸರಿ, ಇಳಿಸ್ಕೊಳ್ಳಿ" ಎಂದರು. "ನನ್ನ ಹಳೇ ಸೀರೆ ಹಾಸಿ. ತೊಟ್ಟಿಲಿಗೆ ಒಂದು ಕಲೆ ಆದ್ರೂ ನಾನು ಸುಮ್ನಿರಲ್ಲ."

ನಡುಮನೆಯ ತೊಲೆಯ ಕೊಂಡಿಗೆ ತೊಟ್ಟಿಲು ಕಟ್ಟಿದೆವು. ಟ್ಯಾಂಕಿನ ಬಾಯಿಗೆ ಬಟ್ಟೆಯ ಬಿರಡೆ ಬಿಗಿದು, ಸೀರೆ ಸುತ್ತಿ ಮಲಗಿಸಿದೆವು. ಸರಪಳಿ ಕಿರ್ರೋ ಅನ್ನುವುದು, ಒಳಗಿನ ಜಲ್ಲಿ ಜರಜರ ಅನ್ನುವುದು. ಸರದಿಯ ಮೇಲೆ ಎಲ್ಲರೂ ಹಗ್ಗ ಎಳೆದೆವು. ಅಜ್ಜಿಯಂತೂ ಹಗ್ಗ ಕೈಗೆ ಬಂದದ್ದೇ ತಡ, ಅಭ್ಯಾಸಬಲದಿಂದ ಜೋಗುಳವನ್ನೇ ಶುರುಮಾಡಿಬಿಟ್ಟರು!

ನಗಬೇಡಿ, ಮುಂದೆ ಕೇಳಿ. ಜೋಗುಳ ಎದುರುಮನೆಗೆ ಕೇಳಿಸಿತು. ಎದುರುಮನೆ ಮಾಮಿ ಬಟ್ಟಲಲ್ಲಿ ಕಲ್ಲುಸಕ್ಕರೆ ಹಿಡಿದು ಓಡಿಬಂದರು.

"ಏನ್ರೀ ಇದು, ಮನೇಲಿ ಪಾಪು ಬಂದಿದೆ, ನಮಗೊಂದು ಮಾತು ಹೇಳ್ಬಾರ್ದಾ? ಯಾರ ಪಾಪು?"

ಅಜ್ಜಿ ತೂಗುವುದನ್ನು ನಿಲ್ಲಿಸಲಿಲ್ಲ. "ನಮ್ಮನೆಯವ್ರು ತುಂಬ ಮುದ್ದು ಮಾಡ್ತಿದ್ದ ಪಾಪು. ಸುಮಾರು ವರ್ಷದಿಂದ ಹುಷಾರಿಲ್ಲ" ಎಂದರು.

ಮಾಮಿ ತೊಟ್ಟಿಲೊಳಗೆ ಬಗ್ಗಿ ಸೀರೆ ಸರಿಸಿದರು. "ಅಯ್ಯೋ ರಾಮ!" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ವಿಷಯ ಕೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ನೀವು ಏಳಿ, ಎರಡು ತುತ್ತು ಊಟ ಮಾಡ್ಕೊಳ್ಳಿ, ನಾನು ತೂಗ್ತೀನಿ" ಎಂದು ಹಗ್ಗ ಹಿಡಿದರು. ಊಟಕ್ಕೆ ಮಜ್ಜಿಗೆ ಅನ್ನ, ಉಪ್ಪಿನಕಾಯಿ ಮಾತ್ರ. ಸಾರಿಗೆ ಹಾಕಬೇಕಾದ ಹುಣಿಸೆಹಣ್ಣೆಲ್ಲ ಟ್ಯಾಂಕಿನ ಹೊಟ್ಟೆ ಸೇರಿತ್ತಲ್ಲ.

ಮಧ್ಯಾಹ್ನವಾದರೂ ನೀರು ಕೆಂಪಗೇ ಬರುತ್ತಿತ್ತು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಪ್ಪ ಅದನ್ನು ನೋಡಿ, "ಸಾಕು ಬಿಡ್ರಮ್ಮ. ಆಗಲ್ಲ ಅನ್ಸುತ್ತೆ" ಎಂದರು. ಅಪ್ಪನ ಬಾಯಲ್ಲಿ 'ಆಗಲ್ಲ' ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಯಾಕಾಗಲ್ಲ? ನನ್ನ ಕೈ ನೋವಾದ್ರೆ ಕಾಲಲ್ಲಿ ತೂಗ್ತೀನಿ!" ಎಂದು ನೆಲದ ಮೇಲೆ ಮಲಗಿ, ಹಗ್ಗವನ್ನು ಕಾಲಿಗೆ ಸುತ್ತಿಕೊಂಡು ಒದೆಯತೊಡಗಿದೆ. ಅಕ್ಕನೂ ಪಕ್ಕದಲ್ಲಿ ಬಂದು ಮಲಗಿದಳು. ಅಪ್ಪ ನಮ್ಮನ್ನು ನೋಡಿ, ಉಳಿದಿದ್ದ ಹುಣಿಸೆ ನೀರನ್ನು ತರಲು ಹೋದರು.

ಹೊತ್ತು ಇಳಿಯುವ ಮುಂಚೆ ಟ್ಯಾಂಕಿನಿಂದ ತಿಳಿ ನೀರು ಬಂತು. ಅಪ್ಪ ಬ್ಯಾಟರಿ ದೀಪ ಬಿಟ್ಟು ಒಳಗೆ ಇಣುಕಿದರು. "ಬೆಳ್ಳಗಿದೆ!" ಎಂದು ಚಿಕ್ಕ ಹುಡುಗನಂತೆ ಕೂಗಿದರು. ಜಲ್ಲಿಯನ್ನೆಲ್ಲ ಕೊಡವಿ ತೆಗೆದು, ತಾರಸಿಯ ಕಾದ ನೆಲದ ಮೇಲಿಟ್ಟು ಒಣಗಿಸಿದೆವು. ಮತ್ತೆ ತುಕ್ಕು ಹಿಡಿಯದಿರಲಿ ಎಂದು ಸೀಮೆಎಣ್ಣೆಯಲ್ಲಿ ಕುಲುಕಿ ಚೆಲ್ಲಿ, ಕಾರಿಗೆ ಜೋಡಿಸಿದರು. ಕ್ಯಾನಿನಿಂದ ಪೆಟ್ರೋಲು ಸುರಿದು, ಮೂತಿಯ ಕೆಳಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರು. ಎಂಜಿನ್ನು ಬುಡುಬುಡು ಎಂದಿತು. ಕಾರು ಗೇಟು ದಾಟಿತು. ನಿಲ್ಲಲಿಲ್ಲ!

"ಹತ್ತಿ, ಹತ್ತಿ!" ಎಂದರು ಅಪ್ಪ. ಅಜ್ಜಿ ಮುಂದೆ ಕುಳಿತರು. ಅಮ್ಮ, ಅಕ್ಕ, ನಾನು ಹಿಂದೆ. ಹಾರ್ನು ಕೆಟ್ಟಿದ್ದರಿಂದ ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, "ದಾರಿ ಬಿಡ್ರೀ, ದಾರಿ ಬಿಡ್ರೀ" ಎಂದು ಉದ್ದಕ್ಕೂ ಕೂಗಿದಳು. ಉಪ್ಪಾರಪೇಟೆಯ ಹತ್ತಿರ ಜಟಕಾ ಗಾಡಿಯೊಂದು ಅಡ್ಡ ಬಂದು ಅಪ್ಪ ಬ್ರೇಕು ಹಾಕಿದಾಗ ಎಂಜಿನ್ನು ಗಕ್ಕನೆ ಕೆಮ್ಮಿತು. ನನ್ನ ಜೀವ ಬಾಯಿಗೆ ಬಂತು. ಅಪ್ಪ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರು, ಕಾರು ಮತ್ತೆ ಸರಾಗವಾಗಿ ಹೊರಟಿತು.

ಮಲ್ಲೇಶ್ವರ ತಲುಪಿದಾಗ ದೊಡ್ಡಪ್ಪ ಗೇಟಿನ ಬಳಿ ಹೂವಿನ ಗಿಡಗಳಿಗೆ ನೀರು ಹಾಕುತ್ತಿದ್ದರು. ಕಾರನ್ನು ನೋಡಿ ಕೈಯಲ್ಲಿದ್ದ ತಂಬಿಗೆಯ ನೀರನ್ನೆಲ್ಲ ತಮ್ಮ ಕಾಲಿನ ಮೇಲೇ ಸುರಿದುಕೊಂಡರು. ದೊಡ್ಡಪ್ಪ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು. ಬಿಸಿಯಾಗಿತ್ತೋ ಏನೋ, ಆದರೂ ಕೈ ತೆಗೆಯಲಿಲ್ಲ.

"ಹಾರ್ನ್ ಯಾಕೋ ಹೊಡೀಲಿಲ್ಲ?" ಎಂದು ಕೇಳಿದರು.

"ಕೆಟ್ಟಿದೆ, ಅಣ್ಣ."

ದೊಡ್ಡಪ್ಪ ಕಿಟಕಿಯೊಳಗೆ ಕೈ ಹಾಕಿ ಹಾರ್ನನ್ನು ಒಮ್ಮೆ ಒತ್ತಿ ನೋಡಿದರು. "ಮುಂದಿನ ಭಾನುವಾರ ನಾನೂ ಬರ್ತೀನಿ. ಹಾರ್ನ್ ನನಗೆ ಬಿಡು" ಎಂದರು. ಗುಜರಿಯ ಮಾತನ್ನು ಅವರು ಮತ್ತೆ ಯಾವತ್ತೂ ಎತ್ತಲಿಲ್ಲ.

ಈಗ ನೀವು ಚಾಮರಾಜಪೇಟೆ ಪಕ್ಕದ ಮಾರ್ಕೆಟ್ಟಿನಲ್ಲಿ ಮೆಟ್ರೋ ಹತ್ತಿದರೆ ಒಂದು ವಿಡಿಯೋ ನೋಡಿ ಮುಗಿಸುವಷ್ಟರಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಇಳಿಯುತ್ತೀರಿ. ನಿಮ್ಮ ಅಪ್ಪ ಗುಂಡಿ ಒತ್ತಿದರೆ ಕಾರು ಸದ್ದೇ ಇಲ್ಲದೆ ಹೊರಡುತ್ತದೆ. ಒಳ್ಳೆಯದೇ, ನನಗೂ ಅದು ಇಷ್ಟ. ಬೆನ್ನು ನೋಯುವುದಿಲ್ಲ. ಆದರೆ ಮೊನ್ನೆ ನಿಮ್ಮ ರಿಮೋಟ್ ಕಾರು ಕೆಟ್ಟಾಗ, ಅಂಗಡಿಯವನು "ಇದನ್ನ ಬಿಚ್ಚೋಕೆ ಬರಲ್ಲ" ಎಂದ ಕೂಡಲೇ ಅದನ್ನು ಕಸದ ಬುಟ್ಟಿಗೆ ಹಾಕಿಬಂದಿರಲ್ಲ, ನನ್ನ ಹೊಟ್ಟೆ ಉರಿದುಹೋಯಿತು. ಬೈಯುತ್ತಿಲ್ಲ ಮಕ್ಕಳೇ. ಸರಿ, ಸ್ವಲ್ಪ ಬೈಯುತ್ತಿದ್ದೇನೆ. ಇನ್ನು ಮುಂದೆ ಏನೇ ಕೆಟ್ಟರೂ ಎಸೆಯುವ ಮೊದಲು ನನ್ನ ಹತ್ತಿರ ತನ್ನಿ. ನನಗೆ ರಿಪೇರಿ ಬರುವುದಿಲ್ಲ, ದಿನವಿಡೀ ಅದರ ಮುಂದೆ ಕೂರುವುದು ಬರುತ್ತದೆ. ಅಷ್ಟು ಹೊತ್ತು ನೀವೂ ಪಕ್ಕದಲ್ಲಿ ಕೂತರೆ, ನಮ್ಮಲ್ಲಿ ಯಾರಿಗಾದರೂ ಒಂದು ದಾರಿ ಹೊಳೆದೇ ಹೊಳೆಯುತ್ತದೆ.