ಉಪವಾಸದ ಕೌದಿ

ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಚಂದ್ರಮ್ಮನವರ ಮನೆಗೆ ಹೋದವರಿಗೆ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ಇದ್ದ ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ ಹಜಾರದ ತುಂಬ ಕೌದಿ ಹಾಸಿಬಿಟ್ಟಿರುತ್ತಿದ್ದರು. ಬಟ್ಟೆಯ ತುಂಡುಗಳನ್ನು ಪದರದ ಮೇಲೆ ಪದರ ಪೇರಿಸಿ, ಮೈತುಂಬ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ಬಂದವರು ಒಂದು ಸೂಜಿ ಹಿಡಿದು ಅದರ ಅಂಚಿಗೆ ಕೂರಬೇಕು, ಇಲ್ಲವೇ ಬಾಗಿಲಲ್ಲೇ ಮಾತು ಮುಗಿಸಿ ಹೊರಡಬೇಕು. ಮೈಸೂರಿನವಳಾದ ನಾನು ಕೌದಿ ಎಂಬ ಶಬ್ದವನ್ನೇ ನಾಗಪುರಕ್ಕೆ ಬಂದು ಕಲಿತೆ. ಪಕ್ಕದ ಮನೆ ನಮ್ಮದು. ನನಗೋ ಅಚ್ಚುಕಟ್ಟಿನ ಹುಚ್ಚು. ಆ ಹಜಾರದಲ್ಲಿ ಹಾರಾಡುವ ದಾರ, ಚಿಂದಿ ನೋಡಿದರೆ ಮೈ ಉರಿಯುತ್ತಿತ್ತು. ಆದರೂ ಮಧ್ಯಾಹ್ನವಾದರೆ ಕಾಲು ಅಲ್ಲಿಗೇ ಎಳೆಯುತ್ತಿತ್ತು.

ಗದಗಿನ ಕಡೆಯ ಚಂದ್ರಮ್ಮ ಆ ಹಾಸಿನ ಸುತ್ತ ಒಂದು ಗುಂಪನ್ನೇ ಕೂಡಿಸಿದ್ದರು. ಕಾಮ್ಟಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಪೊನ್ನಮ್ಮ ಕೊಡಗಿನವರು. ಸೈನ್ಯದಲ್ಲಿದ್ದ ಗಂಡ ಉತ್ತಪ್ಪ ತೀರಿಕೊಂಡ ಮೇಲೆ ಅವರು ಮೊದಲ ಸಲ ಬಾಯಿತುಂಬ ನಕ್ಕದ್ದು ಈ ಹಾಸಿನ ಮೇಲೆ, ಅದೂ ನನ್ನ ಸೊಟ್ಟ ಹೊಲಿಗೆ ನೋಡಿ. ನಾನು ಅದಕ್ಕೆ ಇವತ್ತಿಗೂ ಬೇಜಾರು ಮಾಡಿಕೊಂಡಿಲ್ಲ.

ಕಷ್ಟ ಬಂದದ್ದು ಚಂದ್ರಮ್ಮನವರ ಗಂಡ ಭೀಮಪ್ಪನವರ ನಿವೃತ್ತಿಯ ರೂಪದಲ್ಲಿ. ಕ್ವಾರ್ಟರ್ಸು ಬಿಡಬೇಕು. ಕ್ವಾರ್ಟರ್ಸು ಹೋದರೆ ಹಜಾರವಿಲ್ಲ, ಹಜಾರವಿಲ್ಲದಿದ್ದರೆ ಗುಂಪಿಲ್ಲ. ಕನ್ಹಾನಿನಲ್ಲಿ ಒಂದು ಶೆಡ್ಡು ಬಾಡಿಗೆಗಿತ್ತು. ಆದರೆ ಭೀಮಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ಕೈಯಾಗ ಖಾತ್ರಿ ಕೆಲ್ಸ ಐತಿ ಅಂದ್ರ ಇಲ್ಲೇ ಇರೂಣು. ಇಲ್ಲಂದ್ರ ಗಂಟುಮೂಟೆ ಕಟ್ಟಿ ಗದಗಿಗೆ ಹೋಗೂಣು.”

ಖಾತ್ರಿ ಕೆಲಸ ಎಂದರೆ ಸರ್ಕಾರದ ಕೆಲಸ ಎಂದು ಚಂದ್ರಮ್ಮ ತೀರ್ಮಾನಿಸಿದರು. ಸಾವನೇರ್, ಕೋರಾಡಿ, ಕನ್ಹಾನ್ ಕಡೆ ಕೂಲಿಯವರ ಮಕ್ಕಳಿಗಾಗಿ ಶಿಶುವಿಹಾರ ನಡೆಸುವ ಒಂದು ಸರ್ಕಾರಿ ಮಂಡಳಿ ಇತ್ತು. ಅದಕ್ಕೆ ಹಾಸಿಗೆ ಹೊದಿಕೆ ಬೇಕಾಗುತ್ತದೆಂದು ಯಾರೋ ಹೇಳಿದ್ದರು. ಹಾಗಾದರೆ ಈಗಲೇ ಹೋಗಿ ನಿಮಗೇನು ಬೇಕೆಂದು ಕೇಳಿಬಿಡೋಣ ಎಂದು ನಾನು ಚಪ್ಪಲಿ ಮೆಟ್ಟಿ ನಿಂತೆ. ಚಂದ್ರಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ.

“ಹೆಣ್ಣು ಕೊಡೂ ಮುಂದ ಮನಿತನ ನೋಡೂದಿಲ್ಲೇನ ರಾಗಿಣಿ? ಏನ್ ಬೇಕಂತ ಕೇಳಿದ್ರ ಬಾಯಿಗೆ ಬಂದದ್ದು ಹೇಳ್ತಾರ. ಇಷ್ಟ್ ದಿನ ಏನ್ ಕೊಂಡಾರ, ಯಾರ ಕಡೆ ಕೊಂಡಾರ, ಮೊದ್ಲ ಅದನ್ನ ಓದು.”

ಓದುವ ಕೆಲಸ ನನ್ನ ತಲೆಗೆ ಬಂತು. ಮಂಡಳಿ ಕೊಟ್ಟ ಗುತ್ತಿಗೆಗಳೆಲ್ಲ ಅದರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿದ್ದವು. ನೋಡುವವರು ಇರಲಿಲ್ಲ, ಅಷ್ಟೆ. ಶ್ರಾವಣದ ಮಳೆ ಹೊರಗೆ ಸುರಿಯುತ್ತಿರಲು ನಾನು ಮೊಬೈಲಿನಲ್ಲಿ ಮರಾಠಿ ಓದಿ ಕನ್ನಡದಲ್ಲಿ ಹೇಳುವುದು, ಹೆಂಗಸರು ಹೊಲಿಯುತ್ತ ಕೇಳುವುದು. ಪುರಾಣ ಪ್ರವಚನ ಮಾಡಿದಂತೆಯೇ ಆಯಿತು, ಮಂಗಳಾರತಿಯೊಂದು ಇರಲಿಲ್ಲ. ಕಂಬಳಿ ಎಲ್ಲ ದೊಡ್ಡ ಗುತ್ತಿಗೆಯಲ್ಲಿ ಹೊರರಾಜ್ಯದ ವ್ಯಾಪಾರಿಗಳ ಪಾಲಾಗುತ್ತಿತ್ತು. ಆ ದರಕ್ಕೆ ನಮಗೆ ದಾರವೂ ಬರುವುದಿಲ್ಲ ಎಂದು ಪೊನ್ನಮ್ಮ ಅದನ್ನು ಅಲ್ಲೇ ಬಿಡಿಸಿದರು. ಆದರೆ ಮಕ್ಕಳ ಸಣ್ಣ ಹೊದಿಕೆಯನ್ನು ಮಂಡಳಿ ಚಳಿಗೆ ಮುಂಚೆ ಇಲ್ಲಿನವರಿಂದಲೇ ಕೊಳ್ಳುತ್ತಿತ್ತು. ಬಚತ್ ಗಟ್ ಎಂದು ಇಲ್ಲಿ ಕರೆಯುವ ಮಹಿಳಾ ಗುಂಪುಗಳಿಗೆಂದು ಅದರಲ್ಲಿ ಒಂದು ಪಾಲು ತೆಗೆದಿಟ್ಟಿದ್ದರೂ ಯಾರೂ ಅರ್ಜಿ ಹಾಕಿರಲಿಲ್ಲ. ಇನ್ನೂ ಒಂದು ವಿಚಿತ್ರ ಕಂಡಿತು. ಹೊದಿಕೆ ಒದಗಿಸಿದವರ ಹೆಸರು ವರ್ಷ ವರ್ಷವೂ ಬೇರೆ.

ಈಗ ಹೋಗಿ ಕೇಳಬಹುದು ಎಂದು ಚಂದ್ರಮ್ಮ ಅಪ್ಪಣೆ ಕೊಟ್ಟರು. ಮಂಡಳಿಯ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಉಗೆಮುಗೆ ಮೇಡಂ, ಸಾವನೇರಿನ ಕಡೆಯ ಹೆಂಗಸು. ಹೊದಿಕೆ ಒದಗಿಸಿದವರು ಒಬ್ಬರೂ ಎರಡನೇ ಸಲ ಏಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಒಳಗೆ ಹತ್ತಿ ತುಂಬಿದ ಹೊದಿಕೆ ಒಗೆದರೆ ಗಂಟು ಗಂಟಾಗುತ್ತದೆ. ದೂರು ಹೇಳಲು ಫೋನು ಮಾಡಿದರೆ ಕೊಟ್ಟವರು ಎತ್ತುವುದಿಲ್ಲ. ಕೌದಿಯಲ್ಲಿ ತುಂಬುವ ಹತ್ತಿಯೇ ಇಲ್ಲ ಎಂದು ಚಂದ್ರಮ್ಮ ತಮ್ಮ ಹರಕುಮುರುಕು ಮರಾಠಿಯಲ್ಲಿ ವಿವರಿಸಿದರು. ಮೇಡಂ ಮುಖ ಅರಳಿತು. ಅವರ ಅಜ್ಜಿಯೂ ಇಂಥದ್ದನ್ನೇ ಹೊಲಿಯುತ್ತಿದ್ದರಂತೆ, ಅವರಲ್ಲಿ ಅದಕ್ಕೆ ಗೋಧಡಿ ಎನ್ನುತ್ತಾರಂತೆ. ಬಟ್ಟೆ ಮಾತ್ರ ಹೊಸದಾಗಿರಬೇಕು, ಮೊದಲು ಒಂದು ನಮೂನೆ ಕೊಡಬೇಕು, ಒಪ್ಪಿಗೆಯಾದರೆ ಮಿಕ್ಕದ್ದೆಲ್ಲ ಆ ನಮೂನೆಯಂತೆಯೇ ಇರಬೇಕು ಎಂದರು.

ದಸರೆ ಮುಗಿದೊಡನೆ ಮಂಡಳಿ ಹೊದಿಕೆಗೆ ಅರ್ಜಿ ಕರೆಯಿತು. ಕಟ್‌ಪೀಸ್ ಅಂಗಡಿಯ ಹೊಸ ಬಟ್ಟೆಯಲ್ಲಿ ಚಂದ್ರಮ್ಮ ನಮೂನೆ ಹೊಲಿದರು. ನನ್ನ ಕೈಗೆ ಅದನ್ನು ಕೊಡಲೇ ಇಲ್ಲ. ಕೆಂಪು ಹಳದಿಯ ಅಂಥ ಕೌದಿಯನ್ನು ನಾನು ಕಂಡಿರಲಿಲ್ಲ. ಹೊದ್ದುಕೊಳ್ಳಲು ನಾನೇ ಮಗುವಾಗಬಾರದಿತ್ತೇ ಅನ್ನಿಸಿತು.

ಉಗ್ರಾಣದಲ್ಲಿ ಉಗೆಮುಗೆ ಮೇಡಂ ಅದನ್ನು ಎಳೆದರು, ಬೆಳಕಿಗೆ ಹಿಡಿದರು, ಒದ್ದೆ ಮಾಡಿ ಬಣ್ಣ ಬಿಡುತ್ತದೆಯೇ ಎಂದು ನೋಡಿದರು. ಕೊನೆಗೆ ಪದರಗಳನ್ನು ನೋಡಲು ಒಂದು ಮೂಲೆಯ ಹೊಲಿಗೆ ಬಿಚ್ಚಿದರು. ಮೇಜಿನ ಮೇಲೆ ಟಪಟಪನೆ ಜೋಳದ ಕಾಳು ಉದುರಿತು.

ನಾನು ಗಾಬರಿಯಾಗಿ ಉರುಳುವ ಕಾಳುಗಳಿಗೆ ಕೈ ಅಡ್ಡ ಹಿಡಿದೆ. ಚಂದ್ರಮ್ಮ ಮಾತ್ರ ಏನೂ ಆಗದವರಂತೆ ಕಾಳುಗಳನ್ನು ಸೆರಗಿಗೆ ಬಳಿದುಕೊಳ್ಳುತ್ತಿದ್ದರು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ನಾಲ್ಕು ಕಾಳು ಒಳಗೆ ಹಾಕುವುದು ಅವರ ಮನೆಯ ಪದ್ಧತಿ. ಅವರ ತಾಯಿ ಹಾಕುತ್ತಿದ್ದರು, ಅಜ್ಜಿ ಹಾಕುತ್ತಿದ್ದರು. ಅದನ್ನು ಹೇಳಬೇಕಾದ ಸಂಗತಿ ಎಂದು ಅವರು ಎಣಿಸಿಯೇ ಇರಲಿಲ್ಲ.

“ಕೌದಿ ಉಪಾಸ ಇರಬಾರದ್ರಿ ಮೇಡಂ,” ಎಂದರು ಕನ್ನಡದಲ್ಲೇ. “ಹಸ್ದ ಕೌದಿ ಹೊಚ್ಚಿದ್ರ ಕೂಸಿಗೆ ನಿದ್ದಿ ಹೆಂಗ ಬರ್ತೈತಿ?”

ನಾನು ಮರಾಠಿಯಲ್ಲಿ ಹೇಳಿದೆ. ಮೇಡಂ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕಾಳಿದ್ದರೆ ಇರುವೆ ಬರುತ್ತದೆ, ಇಲಿ ಬರುತ್ತದೆ, ಮಲಗಿರುವುದು ಹಸುಗೂಸುಗಳು ಎಂದು ಮೆತ್ತಗೆ ಹೇಳಿದರು. ಈ ನಮೂನೆಯನ್ನು ತಾನು ಒಪ್ಪುವಂತಿಲ್ಲ. ಅರ್ಜಿಯ ಗಡುವು ಮುಗಿಯಲು ಇನ್ನೂ ಕೆಲವು ದಿನವಿದೆ, ಕಾಳಿಲ್ಲದ ಇನ್ನೊಂದನ್ನು ತಂದುಕೊಡಿ ಎಂದರು. ಆ ಮಾತು ನ್ಯಾಯವಾಗಿತ್ತು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು, ಜಗಳ ಆಡಲು ಯಾರೂ ಸಿಗಲಿಲ್ಲವಲ್ಲ!

ಮನೆಗೆ ಬಂದ ಚಂದ್ರಮ್ಮ ಸೂಜಿ ಮುಟ್ಟಲಿಲ್ಲ. ಬಾಡಿಗೆಯ ಶೆಡ್ಡು, ಗುಂಪು, ಗದಗಿನ ರೈಲು ಎಲ್ಲವನ್ನೂ ನಾನು ನೆನಪಿಸಿದೆ. ನಾಲ್ಕು ಕಾಳಿಗೆ ಇಷ್ಟೆಲ್ಲ ಕಳೆದುಕೊಳ್ಳುತ್ತೀರಾ ಎಂದು ರೇಗಿದೆ. ಪೊನ್ನಮ್ಮ ನನ್ನನ್ನು ಗದರಿ ಸುಮ್ಮನಾಗಿಸಿದರು. ಊರಿಗೆ ಹೋಗುವುದಾದರೂ ಸರಿ, ಕೂಸಿನ ಮೇಲೆ ಹಸಿದದ್ದನ್ನು ಹೊದಿಸಲಾರೆ ಎಂಬುದು ಚಂದ್ರಮ್ಮನವರ ಮುಖದಲ್ಲೇ ಬರೆದಿತ್ತು. ಭೀಮಪ್ಪ ಆ ವಾರ ಹಳೆಯ ಟ್ರಂಕಿನ ಬೀಗಕ್ಕೆ ಎಣ್ಣೆ ಬಿಟ್ಟರು. ನನಗೆ ಅಳುವೇ ಬಂತು.

ಗಡುವು ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಚಂದ್ರಮ್ಮ ನನ್ನ ಬಾಗಿಲು ತಟ್ಟಿದರು.

“ಆ ಮಂಡಳಿಯವ್ರ ಖರ್ಚು ಇನ್ನೊಮ್ಮೆ ತಗಿ. ಹೊದಿಕಿ ಅಲ್ಲ. ಆ ಕೂಸುಗೋಳ ಊಟಕ್ಕ ಏನ್ ಕೊಂಡಾರ ನೋಡು.”

ತೆಗೆದೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಜೋಳ. ಮೂರೂ ಊರಿಗೆ ತಿಂಗಳು ತಪ್ಪದೆ ಹೋಗಿತ್ತು. ಹೊದಿಕೆಗಿಂತ ಊಟಕ್ಕೇ ಮಂಡಳಿ ಹೆಚ್ಚು ಸುರಿದಿತ್ತು. ನಾವು ಒದಗಿಸಲಾರದ ಸಾಮಾನೆಂದು ಮೊದಲ ಸಲ ನಾನು ಆ ಪುಟಗಳನ್ನು ಹಾರಿಸಿಬಿಟ್ಟಿದ್ದೆ. ಚಂದ್ರಮ್ಮ ಎಲ್ಲ ಕೇಳಿಸಿಕೊಂಡು ಸೀರೆ ನೆರಿಗೆ ಸರಿಮಾಡಿಕೊಂಡರು. ಬರೆದದ್ದು ಪಾತ್ರೆಯಲ್ಲೂ ಇದೆಯೇ ನೋಡಬೇಕು, ನಡಿ ಎಂದರು.

ಕನ್ಹಾನಿನ ಶಿಶುವಿಹಾರ ತಲುಪುವಾಗ ಊಟದ ಹೊತ್ತು. ಚಂದ್ರಮ್ಮ ನೆಟ್ಟಗೆ ಅಡುಗೆಮನೆಗೆ ನಡೆದು ಪಾತ್ರೆಯ ಮುಚ್ಚಳ ತೆಗೆದರು. ಬಿಸಿ ಖಿಚಡಿ. ಅಡುಗೆಯವಳು ಇದ್ಯಾವ ತಪಾಸಣೆ ಎಂದು ಗಾಬರಿಯಾಗಿ ಅವರಿಗೂ ಒಂದು ತಟ್ಟೆ ಬಡಿಸಿದಳು. ಚಂದ್ರಮ್ಮ ಅಲ್ಲೇ ಕೂತು ಉಂಡರು, ಉಪ್ಪು ಸ್ವಲ್ಪ ಮುಂದಾಗಿದೆ ಎಂದೂ ಹೇಳಿದರು. ಬಸ್ಸಿನಲ್ಲಿ ಒಂದೇ ಮಾತು ಆಡಿದರು, ಕೂಸುಗಳು ಉಂಡೇ ಮಲಗುತ್ತವೆ, ಮೂಲೆ ಖಾಲಿ ಬಿಟ್ಟು ಹೊಲಿಯೋಣ ಎಂದು.

ಎರಡನೇ ನಮೂನೆ ಒಪ್ಪಿಗೆಯಾಯಿತು. ಗುತ್ತಿಗೆ ಗುಂಪಿನ ಹೆಸರಿಗೆ ಬಂತು, ಶೆಡ್ಡೂ ಬಂತು. ಭೀಮಪ್ಪ ಎಣ್ಣೆ ಬಿಟ್ಟಿದ್ದ ಟ್ರಂಕಿನಲ್ಲಿ ಈಗ ದಾರದ ಉಂಡೆಗಳಿವೆ.

ಮೊದಲ ಕಂತು ಕೊಡಲು ಕನ್ಹಾನಿಗೇ ಹೋದೆವು. ಚಳಿ ಶುರುವಾಗಿತ್ತು, ಮಕ್ಕಳ ಊಟ ಆಗಷ್ಟೇ ಮುಗಿದಿತ್ತು. ಆಯಾ ಕೌದಿಗಳನ್ನು ಹೊದಿಸುತ್ತ ಬಂದರೆ, ಚಂದ್ರಮ್ಮ ಹಿಂದೆಯೇ ಹೋಗುತ್ತ ಒಂದೊಂದರ ಕೊನೆಯ ಮೂಲೆಯನ್ನು ಮುಟ್ಟಿ ನೋಡುತ್ತಿದ್ದರು. ಒಪ್ಪಿಕೊಂಡಿದ್ದರು ನಿಜ, ಆದರೆ ಕೈ ಒಪ್ಪಿರಲಿಲ್ಲ. ಆ ಬೆರಳುಗಳು ಇನ್ನೂ ಕಾಳನ್ನೇ ಹುಡುಕುತ್ತಿದ್ದವು.

ಗೋಡೆ ಪಕ್ಕದ ಒಂದು ಹೆಣ್ಣುಕೂಸಿಗೆ ಆಗಲೇ ಕಣ್ಣು ಎಳೆಯುತ್ತಿತ್ತು. ತೊಳೆದರೂ ಪೂರ್ತಿ ಹೋಗದ ಖಿಚಡಿಯ ಅಗುಳು ಅದರ ಅಂಗೈಯಲ್ಲಿತ್ತು. ಅದು ಕೌದಿಯ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಚೆನ್ನಾಗಿ ಉಜ್ಜಿ, ಅಗುಳು ಅರಿಸಿನವನ್ನೆಲ್ಲ ಹೊಸ ಬಟ್ಟೆಗೆ ಮೆತ್ತಿ, ಹಾಗೇ ನಿದ್ದೆ ಹೋಯಿತು. ಅಯ್ಯೋ ಎಂದು ನಾನು ಒರೆಸಲು ಬಗ್ಗಿದೆ. ಚಂದ್ರಮ್ಮ ನನ್ನ ಕೈ ಹಿಡಿದರು.

“ಇರ್ಲಿ ಬಿಡವ್ವಾ,” ಎಂದರು. “ಕೌದಿನೂ ಉಂಡೈತಿ.”