ದೊಡ್ಡಪ್ಪ ಪಾಸ್ ಮಾಡಿದ ಕಾರು

ನಮ್ಮ ಮನೆಗೆ ಯಾವ ಗಾಡಿ ಬಂದರೂ ಅದನ್ನು ಪಾಸ್ ಮಾಡಬೇಕಾದವರು ನಿವೃತ್ತ ಬಸ್ ಚಾಲಕರಾದ ನಮ್ಮ ದೊಡ್ಡಪ್ಪ, ಗೆಳೆಯರೇ. ಇಂದು ಒಂಟಿಕೊಪ್ಪಲಿನ ದೇವಸ್ಥಾನದ ಮುಂದೆ ನನ್ನ ಹೊಸ ಲಕ್ಷುರಿ ಸೆಡಾನಿಗೆ ಪೂಜೆ. ಸೀಟೇ ಬೆನ್ನು ಒತ್ತುತ್ತದೆ, ಬಾಯಲ್ಲಿ ಹೇಳಿದರೆ ಕಿಟಕಿ ತೆರೆಯುತ್ತದೆ ಎಂದೆಲ್ಲ ಕೊಚ್ಚಿಕೊಂಡೆ.

"ಅವೆಲ್ಲ ಇರ್ಲಿ, ಬ್ರೇಕ್ ಎಂಗದೆ?" ಎಂದರು ದೊಡ್ಡಪ್ಪ.

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಭಕ್ತಿಯಿಂದ ಕಣ್ಣು ಮುಚ್ಚಿಕೊಂಡೇ ಆಕ್ಸಿಲರೇಟರ್ ಒತ್ತಿದೆ. ಕಾರು ಕೀ ಎಂದು ಕೂಗಿ ತಾನಾಗಿಯೇ ಬ್ರೇಕ್ ಹಾಕಿಕೊಂಡು ನಿಂತಿತು. ನಿಂಬೆಹಣ್ಣಿಗೂ ಹೆದರುವ ಕಾರೇ ಎಂದು ಬೈದುಕೊಂಡು ಕಣ್ಣು ತೆರೆದರೆ, ಉರುಳಿದ ಹಣ್ಣನ್ನು ಸರಿಯಾಗಿ ಇಡಲು ದೊಡ್ಡಪ್ಪ ಬಂಪರಿನ ಮುಂದೆಯೇ ಬಗ್ಗಿದ್ದಾರೆ. ಇಳಿದು, ದೇವರಿಗಿಂತ ಮೊದಲು ಕಾರಿಗೆ ಕೈಮುಗಿದೆ.

ದೊಡ್ಡಪ್ಪ ಪಂಚೆ ಕೊಡವಿಕೊಂಡು ಎದ್ದರು. "ಗಾಡಿ ಪಾಸು ಕಣೋ. ಡ್ರೈವರ್‌ನ ಬದಲಾಯ್ಸು."