ಲಾರಿಯ ಮೂಲೆಯ ಹೆಸರು

ರಾಯಚೂರಿನ ತೀನ್ ಕಂದಿಲ್ ಹತ್ತಿರ ಸ್ಟಿಕ್ಕರ್ ಅಂಗಡಿ ಇಟ್ಟಿರುವ ದುರುಗೇಶ ಜೀವನದಲ್ಲಿ ಕದ್ದದ್ದು ನಾಲ್ಕೇ ಅಕ್ಷರ. ಕದ್ದದ್ದು ಅಂದರೆ ಒರೆಸಿದ್ದು. ಪೊಲೀಸರು ಹಿಡಿಯುವಂಥದ್ದಲ್ಲ, ಹೆಂಡತಿ ಬೈಯುವಂಥದ್ದೂ ಅಲ್ಲ. ಆದರೂ ಮನುಷ್ಯ ಮೂರು ತಿಂಗಳು ಸರಿಯಾಗಿ ಉಣ್ಣಲಿಲ್ಲ.

ಹಗಲೆಲ್ಲ ಬೈಕಿಗೆ ನಂಬರು, ಆಟೋಕ್ಕೆ ದೇವರ ಹೆಸರು ಅಂಟಿಸುವುದು ಅವನ ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು. ಕಾರು, ಜೀಪು, ಲಾರಿಗಳನ್ನು ಒಂದು ಗೇಣುದ್ದಕ್ಕೆ ಇಳಿಸಿ ಫೋಮ್ ಶೀಟಿನಲ್ಲಿ ಕಟ್ಟುತ್ತಿದ್ದ. ಕಟ್ಟುವುದನ್ನು ಯಾರಾದರೂ ಕಲಿತಾರು, ಮೇಲಿನ ಬರಹ ಇದೆಯಲ್ಲ, ಅದು ಪೀಕಲಾಟ. ಅಕ್ಕಿ ಕಾಳಿನಷ್ಟು ಅಕ್ಷರವನ್ನು ಕುಂಚದಿಂದ ಬರೆಯಲು ಆಗುತ್ತದೆಯೇ? ಅದಕ್ಕೆ ಅವನು ಮನೆಯಲ್ಲೇ ನೀರಿನ ಸ್ಟಿಕ್ಕರ್ ಮಾಡುತ್ತಿದ್ದ. ವಿಶೇಷ ಕಾಗದದ ಮೇಲೆ ಅಕ್ಷರ ಪ್ರಿಂಟ್ ತೆಗೆದು, ಅದಕ್ಕೆ ಎರಡು ಕೈ ವಾರ್ನಿಶ್ ಹೊಡೆದು ಒಣಗಿಸುವುದು. ಒಣಗಿದ್ದನ್ನು ಕತ್ತರಿಸಿ ತಾಟಿನ ನೀರಲ್ಲಿ ಅರ್ಧ ನಿಮಿಷ ನೆನೆಹಾಕಿದರೆ ಅಕ್ಷರದ ತೆಳು ಪದರ ಕಾಗದ ಬಿಟ್ಟು ಜಾರುತ್ತದೆ. ಅದನ್ನು ಲಾರಿಯ ಮೇಲೆ ಕೂರಿಸಿ ಹತ್ತಿಯಿಂದ ಒತ್ತಬೇಕು. ವಾರ್ನಿಶ್ ಸರಿಯಾಗಿ ಹೊಡೆಯದಿದ್ದರೆ ಬಣ್ಣವೆಲ್ಲ ನೀರುಪಾಲು. ಹೀಗೆ ಎಷ್ಟು ಹಾಳೆ ಹಾಳಾದವೋ ಅವನಿಗೇ ಗೊತ್ತಿಲ್ಲ.

ಕೆಲಸ ಅವನದು, ಸರಿ. ಅಕ್ಷರ ಮಾತ್ರ ಅವನದಲ್ಲ. ಅವು ಮಾನ್ವಿಯ ಪೀರಾ ಸಾಬರ ಅಕ್ಷರ.

ದುರುಗೇಶ ದೇವದುರ್ಗದವನು. ಹದಿನಾಲ್ಕನೇ ವಯಸ್ಸಿಗೆ ಮಾನ್ವಿಗೆ ಹೋಗಿ ಲಾರಿಗಳಿಗೆ ಬಣ್ಣದಲ್ಲಿ ಬರೆಯುತ್ತಿದ್ದ ಪೀರಾ ಸಾಬರ ಹತ್ತಿರ ಕುಂಚ ತೊಳೆಯಲು ಸೇರಿದ. ಒಂಬತ್ತು ವರ್ಷ ಅವರ ಮನೆಯಲ್ಲೇ ಉಂಡ. ಲಾರಿಯ ಹಿಂಬದಿಯ ಹಲಗೆಯ ಮೇಲೆ ಸಾಬರು ಬರೆದ ಜೋಡಿ ಗಿಳಿ, ಕಮಲ, ನಡುವೆ ಬಳ್ಳಿಯ ಹಾಗೆ ಬಳುಕುವ ಕನ್ನಡ. ಆ ಸೀಮೆಯಲ್ಲಿ ಇನ್ನೊಬ್ಬರಿಗೆ ಆ ಕೈ ಇರಲಿಲ್ಲ. ಎಲ್ಲ ಮುಗಿದ ಮೇಲೆ ಹಲಗೆಯ ಬಲಗಡೆ ಕೆಳ ಮೂಲೆಯಲ್ಲಿ ಸಣ್ಣದಾಗಿ 'ಪೀರಾ, ಮಾನ್ವಿ' ಎಂದು ಬರೆಯುತ್ತಿದ್ದರು. ಅದನ್ನು ಬರೆಯುವಾಗ ಯಾರೂ ಮಾತಾಡಬಾರದು. ಆ ಹೆಸರು ಬಿದ್ದ ಮೇಲೇ ಲಾರಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ದುರುಗೇಶ ಸ್ವಂತ ಅಂಗಡಿ ಇಡಲು ರಾಯಚೂರಿಗೆ ಹೊರಟಾಗ, ಅವನು ಉಸ್ತಾದ್ ಎಂದೇ ಕರೆಯುತ್ತಿದ್ದ ಪೀರಾ ಸಾಬರು ತಮ್ಮ ಮಾದರಿಗಳ ದಪ್ಪ ವಹಿಯನ್ನೇ ಕೊಟ್ಟರು. "ನನಗ ಕೈಯಾಗ ಅದ, ನೀ ಒಯ್ಯಪಾ," ಎಂದಿದ್ದರು.

ಆ ವಹಿಯನ್ನೇ ಸ್ಕ್ಯಾನ್ ಮಾಡಿ ದುರುಗೇಶ ಮೊದಲ ಗೇಣುದ್ದದ ಲಾರಿಗೆ ಸ್ಟಿಕ್ಕರ್ ತೆಗೆದ. ಎಲ್ಲ ಚಂದ ಬಂತು, ಮಾದರಿಯ ಮೂಲೆಯಲ್ಲಿದ್ದ ಉಸ್ತಾದರ ಹೆಸರು ಮಾತ್ರ ಸತ್ತ ಇರುವೆಯ ಹಾಗೆ ಕಪ್ಪಗೆ ಕೂತಿತು. ಹೊಲಸಾಗಿ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಒರೆಸಿದ. ಒರೆಸಿದರೆ ಮೂಲೆ ಬಣಬಣ ಅನ್ನತೊಡಗಿತು. ತುಂಬಬೇಕಲ್ಲ? 'ದುರುಗೇಶ, ರಾಯಚೂರು' ಎಂದು ತುಂಬಿದ, ಒಂದು ನೂಲು ದೊಡ್ಡದಾಗಿಯೇ. ನೋಡಿ ಚೋದ್ಯ: ನಾಲ್ಕಕ್ಷರದ ಹೆಸರಿಗೆ ಜಾಗ ಸಾಲಲಿಲ್ಲ, ಎಂಟಕ್ಷರದ ಹೆಸರಿಗೆ ಧಾರಾಳವಾಗಿ ಸಾಕಾಯಿತು.

ಲಾರಿ ಮಾರಿಕೊಂಡ ಮಾಲೀಕರು, ನಿವೃತ್ತ ಡ್ರೈವರುಗಳು ನೆನಪಿಗೆಂದು ಮಾಡಿಸಿಕೊಂಡರು. "ಏನ್ ಕೈರೀ ನಿಮ್ದು" ಎಂದು ಹೊಗಳಿದರು. ದುರುಗೇಶ ತಲೆ ತಗ್ಗಿಸಿ ನಗುತ್ತಿದ್ದ. ಅದನ್ನು ವಿನಯ ಅಂತ ತಿಳಿದು ಇನ್ನಷ್ಟು ಹೊಗಳುತ್ತಿದ್ದರು.

ಹಾಗೆ ಮಾಡಿಸಿಕೊಂಡವರಲ್ಲಿ ಮಾನ್ವಿಯ ಅಕ್ಕಿ ಮಿಲ್ಲಿನ ಶರಣಯ್ಯನವರೂ ಒಬ್ಬರು. ಅವರು ಹೇಳಿ ಉಸ್ತಾದರಿಗೆ ಸುದ್ದಿ ಮುಟ್ಟಿತು. ಪೀರಾ ಸಾಬರ ಫೋನು ಬಂತು: "ನಮ್ಮ ಲಾರಿ ಸಣ್ಣೂ ಮಾಡಾಕತ್ತೀಯಂತ. ನನಗೊಂದ ತಂದು ತೋರ್ಸಪಾ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು ದುರುಗೇಶನಿಗೆ. ನೆಗಡಿ ಅಂದ, ಮದುವೆ ಸೀಜನ್ ಅಂದ, ಪ್ರಿಂಟರ್ ಕೆಟ್ಟಿದೆ ಅಂದ. ಮೂರು ತಿಂಗಳು ದೂಡಿದ. ಉಸ್ತಾದರು ಒಮ್ಮೆಯೂ ಸಿಟ್ಟಾಗಲಿಲ್ಲ. "ಕಣ್ಣಿಗೆ ಪೊರಿ ಬಂದದ, ಪೂರಾ ಹೋಗೂದ್ರಾಗ ಬಾ," ಎಂದರು ಅಷ್ಟೇ.

ಕೊನೆಗೆ ಅವನು ಮಾಡಿದ್ದೇನು ಗೊತ್ತೇ? ಉಸ್ತಾದರಿಗೆಂದೇ ಬೇರೆ ಒಂದು ಲಾರಿ ಮಾಡಿದ. ಅದರ ಮೂಲೆಯಲ್ಲಿ 'ಪೀರಾ, ಮಾನ್ವಿ' ಎಂದು ಹಾಕಿದ. ಅಕ್ಷರ ಸ್ವಲ್ಪ ದಪ್ಪ ಮಾಡಿದರೆ ಸಾಕಾಗಿತ್ತು, ನಾಲ್ಕು ನಿಮಿಷದ ಕೆಲಸ. ಇಷ್ಟು ಸುಲಭವಿತ್ತೇ ಎಂದು ಅವನಿಗೇ ತನ್ನ ಮೇಲೆ ಅಸಹ್ಯವಾಯಿತು. ಆದರೂ ಅದನ್ನೇ ಡಬ್ಬಿಯಲ್ಲಿಟ್ಟುಕೊಂಡು ಮಾನ್ವಿಯ ಬಸ್ಸು ಹತ್ತಿದ.

ಪೀರಾ ಸಾಬರು ಬಾಗಿಲ ಹತ್ತಿರ ಬೆಳಕಿಗೆ ಕೂತು ಭೂತಗನ್ನಡಿ ಹಿಡಿದು ನೋಡಿದರು. ಗಿಳಿ ನೋಡಿದರು, ಕಮಲ ನೋಡಿದರು, ಮೂಲೆಗೆ ಬಂದು ನಿಂತರು. ಮುಖ ಅರಳಿತು.

"ರಂಜಾನಬಿ, ಇಲ್ಲಿ ಬಾ. ಅಂವ ನನ್ನ ಹೆಸರ ಬಿಟ್ಟಿಲ್ಲ ನೋಡು," ಎಂದು ಹೆಂಡತಿಯನ್ನು ಕರೆದರು. ಆಮೇಲೆ ದುರುಗೇಶನ ಕಡೆ ತಿರುಗಿ, "ಎಲ್ಲಾದರಾಗೂ ಹಿಂಗ ಹಾಕೀಯೇನು?" ಎಂದರು.

"ಹೂಂರಿ ಉಸ್ತಾದ್," ಎಂದ ದುರುಗೇಶ. ಹೇಳಿದ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಮುದುಕರು ಹುರುಪಿನಿಂದ ಎದ್ದು ಗೂಟದಲ್ಲಿದ್ದ ಟೋಪಿ ತೆಗೆದುಕೊಂಡರು. "ನಡಿ, ಶರಣಯ್ಯನ ಮಿಲ್ಲಿಗೆ ಹೋಗಿ ಅದನ್ನೂ ನೋಡಿ ಬರೂನು. ಅಲ್ಲಿ ಹಮಾಲರೆಲ್ಲಾ ನಮ್ಮ ಮಂದಿ, ಅವರಿಗೂ ತೋರಸ್ತೀನಿ."

ಹಮಾಲರ ನಡುವೆ ಉಸ್ತಾದರು ಭೂತಗನ್ನಡಿ ಹಿಡಿದು ಆ ಮೂಲೆ ಹುಡುಕುವುದು ದುರುಗೇಶನ ಕಣ್ಣಿಗೆ ಕಟ್ಟಿತು.

"ಅಲ್ಲಿಗೆ ಬ್ಯಾಡ್ರಿ ಉಸ್ತಾದ್."

"ಯಾಕಪಾ?"

"ಅದರಾಗ ನಿಮ್ಮ ಹೆಸರಿಲ್ರಿ. ನಂದದ. ಎಲ್ಲಾದರಾಗೂ ನಂದ ಅದ. ಇದೊಂದು ನಿಮಗಂತ ಮಾಡೀನಿ."

ಪೀರಾ ಸಾಬರು ಟೋಪಿಯನ್ನು ಮತ್ತೆ ಗೂಟಕ್ಕೆ ಹಾಕಿದರು. ಆಮೇಲೆ, "ಎಷ್ಟು ಮಾಡೀದಿ?" ಎಂದರು.

"ನೂರಾ ಹತ್ತು ದಾಟ್ಯಾವ್ರಿ. ತಪ್ಪಾತ್ರಿ. ಇನ್ನ ಮ್ಯಾಲೆ ಎಲ್ಲಾದಕ್ಕೂ ನಿಮ್ಮ ಹೆಸರ ಹಾಕ್ತೀನ್ರಿ."

"ಬ್ಯಾಡ. ನೂರಾ ಹತ್ತು ಮನ್ಯಾಗ ನಿನ್ನ ಹೆಸರದ. ಈಗ ನನ್ನ ಹೆಸರ ಬಂದ್ರ, ಮುದುಕ ಶಿಷ್ಯಾನ ಕೈ ನೋಡಿ ಬರ್ಯಾಕತ್ತಾನ ಅಂತಾರ."

ದುರುಗೇಶ ಕಾಲು ಹಿಡಿಯಲು ಬಗ್ಗಿದ. ಅವರು ಭುಜ ಹಿಡಿದು ಎಬ್ಬಿಸಿ, ಗೇಣುದ್ದದ ಆ ಲಾರಿಯನ್ನು ಡಬ್ಬಿಗೆ ಹಾಕಿ ಅವನ ಕೈಗೇ ಕೊಟ್ಟರು.

"ಇದನ್ನ ಒಯ್ಯಿ. ಅವೆಲ್ಲಾ ನೀ ಮಂದಿಗೆ ಹೇಳಿದ ಸುಳ್ಳು. ಇದು ನನಗ ಹೇಳಿದ್ದು."

ಅಷ್ಟಂದು ಹೆಂಡತಿಗೆ ಊಟಕ್ಕೆ ಹಾಕಲು ಹೇಳಿದರು. ರಂಜಾನಬಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಸ್ತಾದರು ಪಕ್ಕದಲ್ಲೇ ಕೂತು, ಹಿಂದೆ ಆ ಒಂಬತ್ತು ವರ್ಷ ಹಾಕಿಸಿದ ಹಾಗೆಯೇ, "ಇನ್ನೊಂದು ಹಾಕು, ದೂರ ಹೋಗಾಂವ ಅದಾನ," ಎಂದು ಹಾಕಿಸುತ್ತಲೇ ಇದ್ದರು. ಒಂದು ಮಾತು ಬೈದಿದ್ದರೆ ಆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು.